ಎಡಗಣ್ಣು ಮುಚ್ಚಿ ಸಿನೆಮಾ ನೋಡುತ್ತಿದ್ದವರು

ಸಿನೆಮಾ ಶುರುವಾದ ಕೂಡಲೇ ಅವರ ಎಡಗಣ್ಣು ಮುಚ್ಚಿಕೊಳ್ಳುತ್ತಿತ್ತು. ನಿದ್ದೆಯಲ್ಲ; ಇಪ್ಪತ್ತೈದು ವರ್ಷ ಒಂದೇ ಕಣ್ಣಿನಿಂದ ಅಳತೆಯ ಗೆರೆ ನೋಡಿದ ಅಭ್ಯಾಸ. ಬಲಗಣ್ಣು ಮಾತ್ರ ಪರದೆಯ ಬೆಳಕಿಗೆ ಗಾಜಿನ ಗೋಲಿಯಂತೆ ಹೊಳೆಯುತ್ತ, ರೆಪ್ಪೆ ಬಡಿಯದೆ ತಪ್ಪು ಹುಡುಕುತ್ತಿತ್ತು.

ಚಿಕಲಠಾಣೆಯ ಕೈಗಾರಿಕಾ ವಸಾಹತು ಆಗ ಹೊಸದು. ಊರಿಗೆ ಇನ್ನೂ ಔರಂಗಾಬಾದ್ ಎಂಬ ಹೆಸರಿತ್ತು. ಲಾರಿಯ ಬ್ರೇಕಿಗೆ ಬೇಕಾದ ಸಿಲಿಂಡರ್ ಮಾಡುವ ಸಣ್ಣ ಕಾರ್ಖಾನೆ ನಮ್ಮದು. ಅವರು ತಪಾಸಣೆ ವಿಭಾಗದ ಮುಖ್ಯಸ್ಥರು, ಗದಗಿನ ಕಡೆಯವರು. ನಾನು ಅವರ ಕೈಕೆಳಗಿನ ಹೊಸಬ. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಯಾರೂ ಅವರನ್ನು ಇಷ್ಟಪಡುತ್ತಿರಲಿಲ್ಲ. ನಾನೂ ಪಡಲಿಲ್ಲ.

ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಬೋರ್ಡಿಂಗಿನಲ್ಲಿ ಬೆಳೆದವನು ನಾನು. ಅದೇ ನನಗೆ ಮುಳುವಾಯಿತು. "ನೀವೊಬ್ಬರ ಟೈಮಿಗೆ ಬರೋರು. ರವಿವಾರ ಪಾವಣೇ ತೀನಕ್ಕ ಟಾಕೀಸ್ ಮುಂದ ನಿಂತಿರ್ರಿ" ಎಂದರು ಸಾಹೇಬರು. ಎಂಥ ಕಿರಿಯನನ್ನೂ ಅವರು ಬಹುವಚನದಲ್ಲೇ ಮಾತಾಡಿಸುತ್ತಿದ್ದರು, ಬೈಯುವಾಗಲೂ. ಹಾಗೆ ಮೂರು ವರ್ಷ, ಪ್ರತಿ ಭಾನುವಾರ ಎರಡೂ ಮುಕ್ಕಾಲಿಗೆ ಟಾಕೀಸಿನ ಮುಂದೆ, ಮೂರು ಗಂಟೆಯ ಆಟ, ಅವರ ಎಡಗಡೆಯ ಕುರ್ಚಿ.

ನನಗೆ ಸಿನೆಮಾ ಎಂದರೆ ಪ್ರಾಣ. ಅವರು ಒಂದೊಂದನ್ನೂ ಕೊಂದರು.

ನಾಯಕ ಮಾರುಕಟ್ಟೆಯ ಹಮಾಲ, ಒಂದೇ ಕೈಯಲ್ಲಿ ಚೀಲ ಎತ್ತುತ್ತಾನೆ, ಟಾಕೀಸೆಲ್ಲ ಸಿಳ್ಳೆ. ಸಾಹೇಬರು ನನ್ನ ಕಿವಿಗೆ ಬಾಗಿ, "ಚೀಲದಾಗ ಹುಲ್ಲು ತುಂಬ್ಯಾರ. ಖರೇ ಹಮಾಲನ ಬೆನ್ನು ನೋಡಬೇಕಂದ್ರ ಲಾಸಲಗಾಂವದ ಪ್ಯಾಟಿಗೆ ಹೋಗಿ ಉಳ್ಳಾಗಡ್ಡಿ ಹೊರೋರನ್ನ ನೋಡ್ರಿ. ಇವನ ಅಂಗೈ ನೋಡ್ರಿ, ಬೆಣ್ಣಿ ಇದ್ದಂಗ ಐತಿ" ಎಂದರು. ಕುರುಡಿ ತಾಯಿಗೆ ಶಸ್ತ್ರಚಿಕಿತ್ಸೆಯಾಗಿ ಕಣ್ಣು ಬಂದು ನಾನು ಕರ್ಚೀಫು ಹುಡುಕುತ್ತಿದ್ದಾಗ, "ಡಾಕ್ಟರ್ ಕೈ ತೊಳಕೊಳ್ಳಲಿಲ್ಲ" ಎಂದರು. ಮುಂಬೈಗೆ ಹೋದಾಗ ತಮ್ಮನ ಮನೆಯಲ್ಲಿ ಹೊಸ ಟೆಲಿವಿಷನ್ ನೋಡಿ ಬಂದವರು ಅದನ್ನೂ ಬಿಡಲಿಲ್ಲ. "ಒಕ್ಕಲುತನ ಮಾಡೋರಿಗೆ ಬುದ್ಧಿ ಹೇಳೋ ಕಾರ್ಯಕ್ರಮ. ಹೇಳೋನ ಬೂಟಿಗೆ ಒಂದು ಹನಿ ಕೆಸರಿಲ್ಲ. ಮ್ಯಾಲೆ ನನ್ನ ನೋಡಿ ನಗ್ತಾನ. ನನ್ನ ಪರಿಚಯ ಎಲ್ಲೈತಿ ಅವಂಗ?"

ಆ ಕಾಲದ ಚಿತ್ರಗಳಲ್ಲಿ ತಿಂಗಳಿಗೊಮ್ಮೆಯಾದರೂ ಘಾಟಿನಲ್ಲಿ ಲಾರಿಯ ಬ್ರೇಕ್ ಕೆಡುತ್ತಿತ್ತು. ಆಗ ಮಾತ್ರ ಅವರು ಪಿಸುಗುಟ್ಟುತ್ತಿರಲಿಲ್ಲ. ಎದ್ದು ನಿಲ್ಲುತ್ತಿದ್ದರು.

"ಹ್ಯಾಂಡ್‌ಬ್ರೇಕ್ ಎಳೀರಿ! ಗೇರ್ ಕೆಳಗ ಹಾಕ್ರಿ!"

ಪರದೆಯ ಮೇಲಿನ ನಾಯಕನಿಗೂ ಬಹುವಚನವೇ. ಹಿಂದಿನಿಂದ "ಏ ಬಾಬಾ, ಖಾಲೀ ಬಸಾ!" ಎಂದು ಕೆಳಗೆ ಕೂರಲು ಹೇಳುವ ಕೂಗು, ಶೇಂಗಾ ಸಿಪ್ಪೆಯ ಸುರಿಮಳೆ. ಲಾರಿ ನಿಲ್ಲುವವರೆಗೆ ಅವರು ಕೂರುತ್ತಿರಲಿಲ್ಲ. ನಾನು ತಲೆ ತಗ್ಗಿಸಿ, ಇವರಾರೋ ನನಗೆ ಗೊತ್ತಿಲ್ಲ ಎಂಬಂತೆ ಇರುತ್ತಿದ್ದೆ.

ಆಟ ಮುಗಿದ ಮೇಲೆ ಕುಂದಾಪುರದವರೊಬ್ಬರ ಹೋಟೆಲಿನಲ್ಲಿ ಚಹಾ. ಗಲ್ಲಾಪೆಟ್ಟಿಗೆಯ ಹಿಂದಿದ್ದ ಹೋಟೆಲಿನವರು ನಗುತ್ತ, "ಬನ್ನಿ ಮಾರಾಯ್ರೆ. ಇವತ್ತು ಹೀರೋ ನಿಮ್ಮ ಕೈಯಲ್ಲಿ ಬದುಕಿದನಾ?" ಎನ್ನುತ್ತಿದ್ದರು.

"ರಿಜೆಕ್ಟ್" ಎನ್ನುತ್ತಿದ್ದರು ಸಾಹೇಬರು.

ಒಂದು ದಿನ ನನಗೆ ತಡೆಯಲಾಗಲಿಲ್ಲ. "ಇಷ್ಟು ಹೊಲಸು ಅನಿಸಿದ್ರ ನೋಡೋದು ಯಾಕ್ರಿ ಸಾಹೇಬ್ರ?"

"ಪಾಸಾಗೋದು ಒಂದರ ಬಂದೀತು ಅಂತ" ಎಂದರು. "ನಿಮಗೂ ಹೊಲಸು ಅನಿಸೇತಿ. ಬಾಯಿ ಬಿಡಂಗಿಲ್ಲ, ಅಷ್ಟ."

ಮುಂದಿನ ಭಾನುವಾರದಿಂದ ನಾನು ಹೋಗಲಿಲ್ಲ.

ಅದೇ ವರ್ಷ ನಮ್ಮ ಕಾರ್ಖಾನೆಯ ಮಾಲೀಕರು ಅದರ ಬಗ್ಗೆ ಹತ್ತು ನಿಮಿಷದ ಚಿತ್ರ ಮಾಡಿಸಿದರು. ಮುಂಬೈಯಿಂದ ಕ್ಯಾಮೆರಾದವನು ಬಂದ. ತಪಾಸಣೆಯ ದೃಶ್ಯಕ್ಕೆ ನನ್ನನ್ನು ಆರಿಸಿದರು. ನಮ್ಮ ಕೆಲಸ ಸರಳ: ಗೇಜಿನ ಒಂದು ತುದಿ ಸಿಲಿಂಡರಿನ ರಂಧ್ರದೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಸರಿಯಿದ್ದರೆ ನಮ್ಮ ನಮ್ಮ ನಂಬರಿನ ಮುದ್ರೆ ಒತ್ತಬೇಕು. ನನ್ನದು ಒಂಬತ್ತು. ಸಾಹೇಬರು ಅಂದು ರಜೆಯಲ್ಲಿದ್ದರು. ನಾನು ಇಸ್ತ್ರಿಯ ಅಂಗಿ ಹಾಕಿ, ಕ್ರಾಪು ತಿದ್ದಿ ನಿಂತೆ. ಕ್ಯಾಮೆರಾದವನು "ಇಧರ್ ದೇಖೋ, ಹಸೋ, ಠಪ್ಪಾ ಮಾರೋ, ಔರ್ ಏಕ್ ಬಾರ್" ಎಂದ. ಅವನು ಹೇಳಿದಷ್ಟು ಸಲ ಒಂದೊಂದು ಸಿಲಿಂಡರಿಗೆ ಮುದ್ರೆ ಒತ್ತಿದೆ. ಅಷ್ಟರಲ್ಲಿ ಊಟದ ಭೋಂಗಾ ಕೂಗಿತು. ಗಂಟೆಗೆ ಎದ್ದು ಹೋಗುವ ಅಭ್ಯಾಸ ನನ್ನದು, ಹೋದೆ. ತಿರುಗಿ ಬಂದಾಗ ಟ್ರೇ ಮುಂದಕ್ಕೆ ಹೋಗಿತ್ತು. ಅದು ನನ್ನ ನೆನಪಿನಿಂದಲೂ ಹೋಯಿತು.

ಮೂರು ವಾರಕ್ಕೆ ಕ್ಯಾಂಟೀನಿನಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿದರು. ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ನನ್ನ ಮುಖ ಬಂದಾಗ ಎಲ್ಲರೂ ಸಿಳ್ಳೆ ಹೊಡೆದರು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಪಕ್ಕದ ಸಾಲಿನಲ್ಲಿ ಸಾಹೇಬರ ಎಡಗಣ್ಣು ಮುಚ್ಚಿತ್ತು.

ದೀಪ ಹತ್ತಿತು. ಚಪ್ಪಾಳೆಯ ನಡುವೆ ಅವರು ಎದ್ದು ನನ್ನ ಕಡೆ ತಿರುಗಿದರು.

"ಗೇಜ್ ಮೊಳಿಗೆ ತೂಗಾಡಾಕತ್ತಿತ್ತು. ನೀವು ಕ್ಯಾಮೆರಾ ನೋಡಾಕತ್ತಿದ್ರಿ. ಆರು ಸಲ ಠಪ್ಪಾ ಹೊಡದ್ರಿ. ಆ ಆರು ಎಲ್ಲಿ?"

ಮಾಲೀಕರು ಸಿಟ್ಟಿನಿಂದ, "ಅಹೋ ಸಾಹೇಬ್, ಸಿನೆಮಾ ಆಹೇ ಹಾ!" ಎಂದರು, ಇದು ಬರೀ ಸಿನೆಮಾ ಎಂಬ ಹಾಗೆ.

"ಸಿನೆಮಾದಾಗ ಬ್ರೇಕ್ ಕೆಟ್ರ ಹೀರೋ ಬರ್ತಾನ" ಎಂದು ಸಾಹೇಬರು ನನಗೇ ಹೇಳಿದರು. "ನಿಮ್ಮ ನಂಬರ್ ಹೊತ್ತ ಲಾರಿಗೆ ಯಾರು ಬರ್ತಾರ?"

ಪುಣ್ಯಕ್ಕೆ ಆ ಮಾಲು ಇನ್ನೂ ಗೋದಾಮಿನಲ್ಲೇ ಇತ್ತು. ಭಾನುವಾರ ಬೆಳಗ್ಗೆ ಎಂಟಕ್ಕೆ ಹೋದೆವು. ಒಂಬತ್ತರ ಮುದ್ರೆಯಿದ್ದ ಪ್ರತಿಯೊಂದು ಸಿಲಿಂಡರನ್ನೂ ನಾನೇ ಪೆಟ್ಟಿಗೆಯಿಂದ ತೆಗೆದು ಅಳೆದೆ. ಅವರು ಸ್ಟೂಲಿನ ಮೇಲೆ ಕೂತು ನೋಡಿದರು. ಕೈಹಾಕಲಿಲ್ಲ, ಚಹಾ ತರಿಸಲಿಲ್ಲ. ಮೂರರ ಆಟ ಶುರುವಾಗುವ ಹೊತ್ತಿಗೆ ಒಂದು ಸಿಲಿಂಡರಿನಲ್ಲಿ ಗೇಜಿನ ಎರಡೂ ತುದಿ ಸಲೀಸಾಗಿ ಒಳಗೆ ಹೋದವು. ರಂಧ್ರ ದೊಡ್ಡದು. ಅದರಲ್ಲಿ ಬ್ರೇಕ್ ಎಣ್ಣೆ ನಿಲ್ಲುತ್ತಿರಲಿಲ್ಲ.

ಅವರು ಕೆಂಪು ಚೀಟಿ ಮುಂದಿಟ್ಟರು. "ಬರೀರಿ. ಚಲೋ ಇಲ್ಲ ಅಂತಲ್ಲ. ಎಲ್ಲಿ, ಎಷ್ಟು ತಪ್ಪೈತಿ ಅಂತ ಬರೀರಿ."

ಬರೆದು ಸಹಿ ಹಾಕಿದೆ. ಮೂರು ತಿಂಗಳು ನನ್ನ ಮುದ್ರೆ ಅವರ ಮೇಜಿನ ಖಾನೆಯಲ್ಲಿತ್ತು. ಜೊತೆಯವರೆದುರು ತಲೆ ಎತ್ತಲಾಗದೆ ನಾನು ಅವರನ್ನು ಮನಸಾರೆ ದ್ವೇಷಿಸಿದೆ. ಮುದ್ರೆ ಮರಳಿ ಕೊಡುವಾಗ ಅವರು ಹೇಳಿದ್ದು ಇಷ್ಟೇ: "ಇಷ್ಟು ವರ್ಷ ನೋಡಿದ ಪಿಕ್ಚರಿನಾಗ ನಟನೆ ಖರೇ ಅನಿಸಿದ್ದು ನಿಮ್ಮದೊಂದ. ಅದಕ್ಕ ಹೆದರಿಕಿ ಬಂತು."

ನಿವೃತ್ತರಾಗಿ ಅವರು ಊರಿಗೆ ಹೋದರು. ಬೀಳ್ಕೊಡುಗೆಗೆ ನಾನು ಹೋಗಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಕಾರ್ಡಿನಲ್ಲಿ ಬಂತು. ಒಂದು ಸಾಂತ್ವನದ ಸಾಲನ್ನೂ ನಾನು ಬರೆಯಲಿಲ್ಲ.

ಕಾರ್ಡು ಬಂದ ವಾರದ ಭಾನುವಾರ ಯಾಕೋ ಪಾವಣೇ ತೀನಕ್ಕೆ ಟಾಕೀಸಿನ ಮುಂದೆ ನಿಂತಿದ್ದೆ. ಒಳಗೆ ಹೋಗಿ ಕೂತೆ. ಬಲಗಡೆಯ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಚಿತ್ರ ಎಂದಿನಂಥದೇ, ಘಾಟಿನಲ್ಲಿ ಲಾರಿಯ ಬ್ರೇಕ್ ಕೆಟ್ಟಿತು. ಕೂಗು ಕೇಳಿತು: "ಹ್ಯಾಂಡ್‌ಬ್ರೇಕ್ ಎಳೀರಿ!" ಶೇಂಗಾ ಸಿಪ್ಪೆ ನನ್ನ ಬೆನ್ನಿಗೆ ಬಿದ್ದಾಗಲೇ, ಎದ್ದು ನಿಂತು ಕೂಗಿದವನು ನಾನೇ ಎಂದು ತಿಳಿದದ್ದು.

ಲಾರಿ ನಿಲ್ಲುವವರೆಗೆ ನಾನು ಕೂರಲಿಲ್ಲ.