ಮಾವನ ಜೀಪಿನ ಹಿಂದಿನ ಕಿಟಕಿ

ನನ್ನ ಮಾವನ ಜೀಪಿಗೆ ಬೇಕೆಂದಾಗ ಮಡಚಿಡಬಹುದಾದ ಕ್ಯಾನ್ವಾಸಿನ ಹುಡ್ ಇದೆ. ಅದರ ಹಿಂಭಾಗಕ್ಕೆ ಗಾಜಿನ ಬದಲು ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಹೊಲಿದಿದ್ದಾರೆ. ಪಾರದರ್ಶಕ ಎನ್ನುವುದು ಹಳೆಯ ಮಾತು. ಠಾಣೆ ಶಹರದ ಬಿಸಿಲನ್ನೂ ನಮ್ಮ ಮಾಜಿವಾಡಾ ಬಡಾವಣೆಯ ಧೂಳನ್ನೂ ತಿಂದು ತಿಂದು ಅದು ಗಂಜಿತಿಳಿಯ ಬಣ್ಣಕ್ಕೆ ತಿರುಗಿತ್ತು.

ಹಾಗಾಗಿ ರಿವರ್ಸ್ ತೆಗೆಯುವಾಗ ಮಾವ ಕನ್ನಡಿ ನೋಡುತ್ತಿರಲಿಲ್ಲ, ಕಿವಿ ಕೊಡುತ್ತಿದ್ದರು. ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಹಿಂದೆ ನಿಂತು "ಆನೆ ದೋ, ಅಂಕಲ್, ಆನೆ ದೋ" ಎಂದು, ಬರಲಿ ಬರಲಿ ಎನ್ನುವುದನ್ನೇ ಹಿಂದಿಯಲ್ಲಿ ಕೂಗುತ್ತಿದ್ದ. ಅವನು ಜೀಪಿನ ಬೆನ್ನಿಗೆ ಧಡ್ ಎಂದು ಬಡಿದರೆ ನಿಲ್ಲಿಸಬೇಕು. "ಇಷ್ಟು ವರ್ಷದಲ್ಲಿ ಒಬ್ಬರ ಗಾಡಿಗೂ ಒಂದು ಗೀರು ಬಿದ್ದದ್ದಿಲ್ಲ" ಎಂದು ಮಾವ ಬೀಗುತ್ತಿದ್ದರು. ಗೀರು ಬಿದ್ದಿರಲಿಲ್ಲ, ನಿಜ. ಮೂರು ಹೂಕುಂಡ ಮಾತ್ರ ಪುಡಿಯಾಗಿದ್ದವು.

ನಾಲ್ಕನೆಯದು ಒಡೆದರೆ ಕಾಂಪೌಂಡಿನಲ್ಲಿ ಜೀಪಿಗೆ ಜಾಗವಿಲ್ಲ ಎಂದು ಸೊಸೈಟಿಯ ಸೆಕ್ರೆಟರಿ ಹೇಳಿಬಿಟ್ಟರು. ನನ್ನ ಗಂಡನಿಗೆ ಅಷ್ಟೇ ಸಾಕಾಯಿತು. "ಮಾರಿಬಿಡೋಣ, ಈ ವಯಸ್ಸಿನಲ್ಲಿ ಅಪ್ಪನಿಗೆ ಯಾಕೆ ಬೇಕು" ಎಂದ. ನನಗೆ ರೇಗಿತು. ತಾವೇ ನಡೆಸುತ್ತಿದ್ದ ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೆ ಮಾವನ ಮಾತು ನಡೆಯುತ್ತಿದ್ದ ಒಂದೇ ಜಾಗವೆಂದರೆ ಆ ಜೀಪು. ಮನೆಯಲ್ಲಿ ಟೀವಿಯ ರಿಮೋಟು ಕೂಡ ಅತ್ತೆಯ ಕೈಯಲ್ಲಿತ್ತು. "ತಪ್ಪು ನಿಮ್ಮಪ್ಪಂದಲ್ಲ, ಕಿಟಕೀದು. ನಾನು ಸರಿ ಮಾಡಿ ತೋರಿಸ್ತೀನಿ" ಎಂದೆ.

"ಅದಕ್ಕೆ ಎಂತ ತಲೆಬಿಸಿ?" ಎಂದರು ಮಾವ. "ನಮ್ಮ ಹೋಟೆಲಿನ ಹಿಂದಿನ ಕಾಲದ ಹಿತ್ತಾಳೆ ಲೋಟ ನೀನು ನೋಡ್ಲಿಲ್ಲ. ಹುಣಸೆಹುಳಿ, ಬೂದಿ, ತೆಂಗಿನ ನಾರು. ಮುಖ ಕಾಣ್ತಿತ್ತು ಮಾರಾಯ್ತಿ!"

ಉಡುಪಿಯವರು ಲೋಟದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಎಂದು ಮೈಸೂರಿನವಳಾದ ನಾನು ನಂಬಿದೆ. ಫ್ಲ್ಯಾಟಿನಲ್ಲಿ ಒಲೆಯ ಬೂದಿ ಎಲ್ಲಿಂದ ಬರಬೇಕು? ದೇವರ ಮುಂದಿನ ಊದುಬತ್ತಿಯ ಬೂದಿಯನ್ನೇ ಬಳಿದು ತಂದೆ. ಖಾರಘರದ ಆಫೀಸಿನಲ್ಲಿ ನನ್ನ ಕೆಲಸವೇ ಸಾಫ್ಟ್‌ವೇರ್ ಟೆಸ್ಟಿಂಗ್. ಮೊದಲು ಒಂದು ಚಿಕ್ಕ ಭಾಗದಲ್ಲಿ ಪರೀಕ್ಷಿಸಿ ನೋಡೋಣ ಎಂದು ಅಲ್ಲಿ ದಿನಕ್ಕೆ ಹತ್ತು ಸಲ ಹೇಳುವವಳು ಇಲ್ಲಿ ಅದನ್ನು ಮರೆತು ಸೆರಗು ಸಿಕ್ಕಿಸಿ ನಿಂತೆ. ಇಬ್ಬರೂ ಅರ್ಧ ಗಂಟೆ ತಿಕ್ಕಿ ನೀರು ಸುರಿದೆವು. ನಾರಿನ ಗೀರುಗಳೆಲ್ಲ ಸೇರಿ ಕಿಟಕಿ ಅಚ್ಚ ಬಿಳಿಯಾಗಿತ್ತು.

ಮಾವ ಬಗ್ಗಿ ನೋಡಿ, "ಕ್ಲೀನ್ ಆಗಿದೆ. ಆಚೆ ಕಾಣುವುದಿಲ್ಲ, ಅಷ್ಟೆ" ಎಂದರು. ಬಾಲ್ಕನಿಯಿಂದ ಅತ್ತೆ ತುಳುವಿನಲ್ಲಿ ಏನೋ ಅಂದರು. ನನಗೆ ತುಳು ಬರುವುದಿಲ್ಲ, ಆದರೂ ಅರ್ಥವಾಯಿತು.

ಕಾರ್ಖಾನೆಗಳಿರುವ ವಾಗ್ಳೆ ಎಸ್ಟೇಟ್‌ನಲ್ಲಿ ಗಾಡಿಗಳ ಹುಡ್ ಹೊಲಿಯುವವನೊಬ್ಬನಿದ್ದ. ಕಿಟಕಿಯ ಮೇಲೆ ಬೆರಳಾಡಿಸಿ "ಯೇ ಕಿಸ್ ನೇ ಕಿಯಾ?" ಎಂದು ಇದನ್ನು ಮಾಡಿದವರ ಹೆಸರು ಕೇಳಿದ. ನಾನೂ ಮಾವನೂ ರಸ್ತೆಯಲ್ಲಿ ಹೋಗುತ್ತಿದ್ದ ಟೆಂಪೋವನ್ನು ನೋಡತೊಡಗಿದೆವು. ಪಾಪ, ಅವನು ಮತ್ತೆ ಕೇಳಲಿಲ್ಲ. ವಾಟರ್ ಪೇಪರ್ ಎಂಬ ತೀರಾ ನುಣುಪಾದ ಉಜ್ಜುಕಾಗದವನ್ನೂ ಪ್ಲಾಸ್ಟಿಕ್ಕಿಗೆ ಹಚ್ಚುವ ಪಾಲಿಶನ್ನೂ ಕೊಟ್ಟು, ಹೇಗೆ ಮಾಡಬೇಕೆಂದು ಎರಡೆರಡು ಸಲ ಹೇಳಿ ಕಳಿಸಿದ.

ಶನಿವಾರ ಪೂರ್ತಿ ನೆರಳಿನಲ್ಲಿ ಕೂತೆವು. ಸೋಪಿನ ನೀರಿನಲ್ಲಿ ತೊಳೆದು, ಪೇಪರನ್ನು ಒದ್ದೆ ಮಾಡಿಕೊಂಡು ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜುವುದು ನನ್ನ ಪಾಲು. ಪಾಲಿಶ್ ಹಚ್ಚಿ ಹಳೆಯ ಪಂಚೆಯ ತುಂಡಿನಿಂದ ಒರೆಸುವುದು ಮಾವನ ಪಾಲು. ಸಂಜೆಯ ಹೊತ್ತಿಗೆ ಕಿಟಕಿಯ ಆಚೆ ಏನೋ ಹಸಿರು ಕಂಡಿತು. ನೋಡಿದರೆ ಕೆಳಮನೆಯವರ ತುಳಸಿ, ಎಲೆ ಎಲೆಯಾಗಿ. ನನಗೆ ಎಷ್ಟು ಖುಷಿಯಾಯಿತೆಂದರೆ ಕಣ್ಣೇ ತುಂಬಿಬಂತು.

ಭಾನುವಾರ ಬೆಳಿಗ್ಗೆ ಮಾವ ಇಸ್ತ್ರಿಯ ಅಂಗಿ ತೊಟ್ಟು ಜೀಪು ಹತ್ತಿದರು. ನಾನು ಪಕ್ಕದಲ್ಲಿ ಕೂತೆ. ಕನ್ನಡಿ ತಿರುಗಿಸಿಕೊಂಡು ಅವರು ರಿವರ್ಸ್ ಗೇರು ಹಾಕಿದ್ದೇ ತಡ, ಹಿಂದೆ ಕಾಂಪೌಂಡು ಗುಳೆ ಹೊರಟಿತು. ವಾಚ್‌ಮನ್ ಬಾಯಲ್ಲಿ "ಆನೆ ದೋ" ಎನ್ನುತ್ತ ಕೈಯಲ್ಲಿ ಸ್ಕೂಟರುಗಳನ್ನು ಎಳೆಯುತ್ತಿದ್ದ. ಕೆಳಮನೆಯಾಕೆ ತುಳಸಿಕುಂಡವನ್ನು ಸೊಂಟಕ್ಕೇರಿಸಿ ಓಡಿದರು. ಸೆಕ್ರೆಟರಿ ಪೇಪರು ಮಡಚಿ ಕಟ್ಟೆ ಹತ್ತಿ ನಿಂತರು.

ಮಾವ ಎಂಜಿನ್ ಆರಿಸಿದರು. ತಲೆ ಹೊರಹಾಕಿ, ದಿನವೂ ಹೀಗೆಯೇ ಎನ್ನುವ ಅನುಮಾನದಲ್ಲಿ, "ರೋಜ್ ಐಸಾ?" ಎಂದು ಕೇಳಿದರು.

"ರೋಜ್ ಕಾ ಹೈ, ಅಂಕಲ್," ಎಂದ ವಾಚ್‌ಮನ್, ಬೇಜಾರೇನೂ ಇಲ್ಲದೆ.

ನಾನು ಬೇಗ ಆಫೀಸಿಗೆ ಹೊರಡುವವಳು, ನನಗೂ ಇದು ಗೊತ್ತಿರಲಿಲ್ಲ. ಮಾವನ ಕಿವಿ ಕೆಂಪಾಗಿತ್ತು. ಆ ಕಿಟಕಿ ಉಜ್ಜಿದ ನನ್ನ ಕೈಗೆ ಎರಡು ಬಾರಿಸಬೇಕು ಅನ್ನಿಸಿತು. ಅವರು ಇಳಿದು, ಸುತ್ತಿ ಬಂದು, ನನ್ನ ಬಾಗಿಲ ಬಳಿ ನಿಂತರು.

"ಆಚೆ ಕೂತ್ಕೊ. ನೀನು ಬಿಡು."

"ನಂಗೆ ಜೀಪು ಬಿಟ್ಟು ಅಭ್ಯಾಸ ಇಲ್ಲ ಮಾವ."

"ನಾನಿಲ್ವಾ? ನಾನು ಹೇಳ್ತೇನೆ."

ಆಚೆ ಸರಿದು ರಿವರ್ಸ್ ಗೇರು ಹಾಕಿದೆ. ಆಗಷ್ಟೇ ಕುಂಡ ಕೆಳಗಿಟ್ಟಿದ್ದಾಕೆ ಮತ್ತೆ ಅದನ್ನು ಎತ್ತಿಕೊಂಡದ್ದು ಕನ್ನಡಿಯಲ್ಲಿ ಸ್ಪಷ್ಟವಾಗಿ ಕಂಡಿತು. ಮಾವನಿಗೂ ಕಂಡಿರಬೇಕು, ಜೋರಾಗಿ ನಕ್ಕರು. ಆಮೇಲೆ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಕಿಟಕಿಯಾಚೆ ಕಣ್ಣಿಟ್ಟು, "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ!" ಎಂದು ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದರು. ಹೋಟೆಲು ಬಿಟ್ಟ ಮೇಲೆ ಅವರ ಆ ದನಿಯನ್ನು ನಾನು ಕೇಳಿಯೇ ಇರಲಿಲ್ಲ.