ಗಣಪತಿಗೆ ನಾನು ಆರಿಸಿಕೊಟ್ಟ ಪಿಕಪ್

ಗಣಪತಿಯ ಗಿಟಾರಿಗೆ ಹೊಂದದ ಪಿಕಪ್ಪನ್ನು, ಹೊಂದುವುದಿಲ್ಲವೆಂದು ಗೊತ್ತಿದ್ದೇ, ನಾನು ಕೂರಿಸಿಕೊಟ್ಟೆ. ಹದಿನೇಳು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ತಿಳಿಯದೆ ಆದ ತಪ್ಪು ಎಂದು ಬರೆಯೋಣವೆನ್ನಿಸಿತು—ಇಲ್ಲ, ತಿಳಿದಿತ್ತು.

ಆಗ ನಾವಿಬ್ಬರೂ ಶಿಕಾರಿಪುರದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆವು. ನಾನು ಪ್ಲಾಸ್ಟಿಕ್ ಬಿಲ್ಲೆ ಹಿಡಿದು ಬಾರಿಸುವವನು. ಸೊರಬದ ಕಡೆಯ ಹೊಸಬಾಳೆಯಿಂದ ಬರುತ್ತಿದ್ದ ಗಣಪತಿ ಬರಿಬೆರಳಲ್ಲಿ, ತಂತಿಗೆ ನೋವಾದೀತು ಎಂಬಂತೆ ನುಡಿಸುತ್ತಿದ್ದ. ಅವನು ಶುರು ಮಾಡಿದರೆ ಹಾಡುವವರು ತಮಗೆ ಗೊತ್ತಿಲ್ಲದೆ ಅವನ ಕಡೆ ತಿರುಗುತ್ತಿದ್ದರು. ನನ್ನ ಕಡೆ ಯಾರೂ ತಿರುಗಲಿಲ್ಲ.

ಇನ್ನು ಮುಂದೆ ಒಬ್ಬನೇ ಗಿಟಾರಿನವನು ಸಾಕು, ಸೊರಬದ ರಿಹರ್ಸಲ್ ನೋಡಿ ಆರಿಸುತ್ತೇನೆ ಎಂದರು ಆರ್ಕೆಸ್ಟ್ರಾದ ಮಾಲೀಕರು. ಅದೇ ವಾರ ಅವನ ಗಿಟಾರಿನ ಪಿಕಪ್ ಸತ್ತಿತು. ಆಂಪ್ಲಿಫೈಯರ್, ಗಿಟಾರ್ ರಿಪೇರಿ ಮಾಡುವ ಅಂಗಡಿ ನನ್ನದೇ. ಅವನು ಬಂದು, "ಯಾವ್ದು ಹಾಕಬೇಕು ಅಂತ ನಂಗೆಂತ ಗೊತ್ತು ಮಾರಾಯ? ನೀನೇ ನೋಡಿ ಹಾಕು," ಎಂದ.

ಪಿಕಪ್ ಎಂದರೆ ತಂತಿಗಳ ಕೆಳಗೆ ಕೂರುವ ಅಯಸ್ಕಾಂತ. ಅದಕ್ಕೆ ಕೂದಲಿಗಿಂತ ತೆಳುವಾದ ತಾಮ್ರದ ಸುರುಳಿ. ತಂತಿಯ ನಡುಕವನ್ನು ಸ್ಪೀಕರಿಗೆ ಮುಟ್ಟಿಸುವುದು ಅದೇ. ಒಂಟಿ ಸುರುಳಿಯದಾದರೆ ಬೆರಳು ಎಷ್ಟು ಮೆತ್ತಗೆ ಸೋಕಿತೆಂಬುದೂ ತಿಳಿಯಾಗಿ ಕೇಳುತ್ತದೆ. ಗಣಪತಿಯ ಕೈಗೆ ಅದೇ ಸರಿ. ಜೋಡಿ ಸುರುಳಿಯದು ದಪ್ಪ ದನಿಯದು, ಜೋರಾಗಿ ಬಾರಿಸುವ ನನ್ನಂಥವರದು. ಎರಡೂ ಬಗೆಯವು ಮೇಜಿನ ಮೇಲಿದ್ದವು. ನಾನು ಜೋಡಿ ಸುರುಳಿಯದನ್ನು, ಅದರಲ್ಲೂ ದನಿ ತೀರಾ ಮಂದವಾಗಿದ್ದದ್ದನ್ನು, ಎತ್ತಿಕೊಂಡೆ. ಬೆಸುಗೆ ಚೆನ್ನಾಗಿಯೇ ಕೂತಿತು.

ಸೊರಬದಲ್ಲಿ ಅವನು ನುಡಿಸಿದ್ದೆಲ್ಲ ಕಲಸಿಹೋಯಿತು. ಒಂದು ಸ್ವರ ಇನ್ನೊಂದರೊಳಗೆ ಮುಳುಗಿತು. "ಏನ್ರೀ ಗಣಪತಿ, ಒಂದೂ ಬಿಡಿಸಿ ಕೇಳ್ತಿಲ್ಲ," ಎಂದರು ಮಾಲೀಕರು. ಅವನು ನನ್ನನ್ನು ನೋಡಿದ. "ಪಿಕಪ್ ಏನಾದ್ರೂ ಹೊಂದ್ತಿಲ್ವನಾ?"

ಎಲ್ಲರ ಎದುರಿಗೆ ನಾನು ಹೇಳಿದೆ: "ಪಿಕಪ್ ಸರಿ ಐತೆ. ನಿನ್ ಕೈಯಾಗೇ ಐಬು ಐತೆ."

ಅವನು ನಂಬಿದ. ಅದೇ—ಅವನು ನಂಬಿಬಿಟ್ಟ.

ಆರ್ಕೆಸ್ಟ್ರಾದಲ್ಲಿ ಉಳಿದ ಒಂದೇ ಗಿಟಾರಿನ ಜಾಗ ನನಗೆ ಸಿಕ್ಕಿತು. ಗಣಪತಿ ಕೈ ತಿದ್ದಿಕೊಳ್ಳಲು ಹೊರಟ. ಬಿಲ್ಲೆ ಹಿಡಿದ, ಮಣಿಕಟ್ಟು ಊದುವಷ್ಟು ಬಾರಿಸಿದ. ವರ್ಷದೊಳಗೆ ಆ ಹಳೆಯ ಸ್ಪರ್ಶ ಹೋಗಿತ್ತು. ಆಮೇಲೆ ಅವನು ನನ್ನ ಅಂಗಡಿಗೆ ಬರುವುದನ್ನೇ ಬಿಟ್ಟ. ನನಗೆ ಏನನ್ನಿಸಿತು? ನೆನಪಿಸಿಕೊಳ್ಳಲು ನೋಡುತ್ತೇನೆ—ಏನೂ ಸಿಗುವುದಿಲ್ಲ.

ಹೋದ ತಿಂಗಳು ಅವನ ಮಗಳು ಸಹನಾ ಅದೇ ಗಿಟಾರ್ ಹಿಡಿದು ಅಂಗಡಿಗೆ ಬಂದಳು. "ಮಾವ, ನಿಮ್ಮ ಹತ್ರನೇ ತೋರ್ಸು ಅಂದ್ರು ಅಪ್ಪ. ನಾ ನುಡಿಸಿದ್ರೂ ಕಲಸಿದಂಗೇ ಕೇಳ್ತದೆ. ನಂಗೂ ಅಪ್ಪನ ಕೈಯೇ ಬಂದದೆಯಂತೆ." ಅವಳೂ ಬರಿಬೆರಳಲ್ಲಿ ನುಡಿಸುವವಳು.

ಒಂಟಿ ಸುರುಳಿಯದನ್ನು ಹಾಕಿಕೊಟ್ಟೆ. ಅವಳು ಅಲ್ಲೇ ಕೂತು ನುಡಿಸಿದಳು. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿತು. ಅವಳು ನಿಲ್ಲಿಸಿ ತನ್ನ ಬೆರಳುಗಳನ್ನು ನೋಡಿಕೊಂಡಳು.

ಮರುದಿನ ಹೊಸಬಾಳೆಗೆ ಹೋದೆ. ಗಣಪತಿ ಅಂಗಳದಲ್ಲಿ ಮೆಕ್ಕೆಜೋಳ ಹರಡುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಬೆನ್ನು ನೆಟ್ಟಗೆ ಮಾಡಿ, "ಹಂಗಾರೆ ನನ್ ಕೈ ಸರಿಯಾಗೇ ಇತ್ತು," ಎಂದ. ಪ್ರಶ್ನೆಯಲ್ಲ ಅದು. ನಾನು ಹೌದೆಂದೆ.

ಅವನು ಮಗಳನ್ನು ಕರೆದ. "ಇವಳಿಗೂ ಹೇಳು."

ಎರಡನೇ ಸಲವೂ ಹೇಳಿದೆ, ಮೊದಲಿಂದ. ಸಹನಾ ಪೂರ್ತಿ ಕೇಳಿಸಿಕೊಂಡು ಒಳಗೆ ಹೋದಳು. ಗಣಪತಿ ಮತ್ತೆ ಬಗ್ಗಿ ಜೋಳ ಹರಡತೊಡಗಿದ. ಏನು ಮಾಡಬೇಕೆಂದು ತೋಚದೆ ನಾನೂ ಬಗ್ಗಿ ಕೈಹಾಕಿದೆ.

"ಬ್ಯಾಡ," ಎಂದ.

ಕೈ ತೆಗೆದೆ.