ಗೋಡೆಯಾಚೆ ಕೇಳಿಸಿದ್ದು

ಅಪ್ಪ ತೀರಿಕೊಂಡ ಮೇಲೆ ಅವರ ಸಾವಿನ ಬಗ್ಗೆ ಒಂದು ಕಥೆ ಬರೆದೆ. ಅದರಲ್ಲಿ ಎಲ್ಲರೂ ಅಳುತ್ತಿದ್ದರು. ಅಮ್ಮ ಅತ್ತಳು, ನಾನು ಅತ್ತೆ, ಕೊನೆಗೆ ಆಕಾಶಕ್ಕೂ ಕಣ್ಣೀರು ಬರಿಸಿದೆ. ಬರೆಯುವಾಗ ನಾನೂ ನಿಜವಾಗಿಯೇ ಅತ್ತಿದ್ದೆ. ಆದ್ದರಿಂದ ಓದುವವರು ಅಳದೇ ಇರುವುದು ಸಾಧ್ಯವೇ ಇಲ್ಲ ಅಂದುಕೊಂಡಿದ್ದೆ.

ಮೊದಲು ಕೇಳಿಸಿಕೊಂಡವರು ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಆಂಟಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮನೆಮಾತು ದಖನಿ ಉರ್ದು, ಓದುವ ಹುಚ್ಚು ಮಾತ್ರ ಕನ್ನಡದ್ದು. ಕಣ್ಣಿನ ಆಪರೇಷನ್ ಆಗಿದ್ದರಿಂದ ಆಗ ಸಂಜೆಗಳಲ್ಲಿ ನಾನೇ ಅವರಿಗೆ ಕಥೆ ಓದಿ ಹೇಳುತ್ತಿದ್ದೆ.

"ಅಳ್ಬೇಡಿ ಆಂಟಿ, ಡಾಕ್ಟ್ರು ಬೈತಾರೆ" ಎಂದು ಮೊದಲೇ ಎಚ್ಚರಿಸಿ ಶುರುಮಾಡಿದೆ.

ಅವರು ಅಳಲಿಲ್ಲ. ಮುಗಿದ ಮೇಲೆ, "ಎಲ್ಲಾರೂ ಕಥೆ ಒಳಗೇ ಅತ್ಬಿಟ್ರಲ್ಲ ಬೇಟಾ. ನನಗೇನ್ ಉಳಿಸಿದೀಯ?" ಎಂದರು.

ನನಗೆ ಸಿಟ್ಟು ಬಂತು. ಅದು ಮುಖದಲ್ಲಿ ಕಂಡಿತೋ ಏನೋ, ಅವರು ಮೆಲ್ಲಗೆ ಕೇಳಿದರು: "ಟೀವಿ ಯಾಕ್ ಬರೀಲಿಲ್ಲ?"

ಅಪ್ಪನಿಗೆ ಕಿವಿ ಮಂದ. ನಮ್ಮ ಟೀವಿ ಇಡೀ ಬೀದಿಗೆ ಕೇಳಿಸುತ್ತಿತ್ತು. "ಸಾರ್, ಸ್ವಲ್ಪ ಕಮ್ಮಿ ಮಾಡ್ರೀ!" ಎಂದು ಆಂಟಿ ಗೋಡೆಯಾಚೆಯಿಂದ ಕೂಗುವುದು ವರ್ಷಗಳ ರೂಢಿ.

"ಅವ್ರು ಹೋದ್ಮೇಲೂ ನಿಮ್ಮನೇಲಿ ಅಷ್ಟೇ ಜೋರಾಗಿ ಓಡ್ತಿತ್ತು. ನಾನು ಕೂಗ್ಲಿಲ್ಲ" ಎಂದರು.

ಹೌದು, ಓಡುತ್ತಿತ್ತು. ಹಾಲ್‌ನಲ್ಲಿ ಯಾರೂ ಇಲ್ಲದಾಗ, ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ಅಮ್ಮ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ನಾನು ಸದ್ದು ತಗ್ಗಿಸಿದೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು, "ಇರ್ಲಿ ಬಿಡು" ಎಂದು ಮತ್ತೆ ಏರಿಸಿ ಒಳಗೆ ಹೋದಳು. ಇದೆಲ್ಲ ನನಗೆ ಗೊತ್ತಿತ್ತು. ಇಷ್ಟು ಸಣ್ಣದರಲ್ಲಿ ದುಃಖ ಹಿಡಿಸುತ್ತದೆಂದು ಹೊಳೆದಿರಲಿಲ್ಲ, ಅಷ್ಟೇ.

ಇಡೀ ಕಥೆಯನ್ನು ಮತ್ತೆ ಬರೆದೆ. ಆಕಾಶ ಹೋಯಿತು, ಕಣ್ಣೀರು ಹೋಯಿತು. ಟೀವಿ, ಹುರುಳಿಕಾಯಿ, ಗೋಡೆಯಾಚೆ ಸುಮ್ಮನಿದ್ದ ಒಬ್ಬ ಹೆಂಗಸು, ಇಷ್ಟೇ ಉಳಿಯಿತು. ಈ ಸಲ ಬರೆಯುವಾಗ ನಾನು ಅಳಲಿಲ್ಲ. ಒಂದೊಂದು ವಾಕ್ಯವನ್ನೂ ತಣ್ಣಗೆ ಕೂತು ತಿದ್ದಿದೆ.

ಯಲಹಂಕದ ಒಂದು ಕಥಾಕೂಟದಲ್ಲಿ ಅದನ್ನು ಓದಿದೆ. ಆಂಟಿ "ಸಾರ್" ಎಂದು ಕೂಗುವಲ್ಲಿ ಜನ ಜೋರಾಗಿ ನಕ್ಕರು. ಅಮ್ಮ ಸದ್ದು ಏರಿಸುವಲ್ಲಿ ಆ ನಗು ತಟ್ಟನೆ ನಿಂತುಹೋಯಿತು. ಎಲ್ಲಿ ನಿಲ್ಲುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಭಾವನೆಯನ್ನು ನಾನು ಹೇಳಿ ಕೊಡಬೇಕಿಲ್ಲ, ಅದು ಬಂದು ಕೂರಲು ಜಾಗ ಮಾಡಿದರೆ ಸಾಕು. ಅಂದಿನಿಂದ ನಾನು ಬರೆಯುತ್ತಿರುವುದು ಆ ನಂಬಿಕೆಯಲ್ಲೇ.

ಅಚ್ಚಾದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ನಾನು ಎದುರಿಗೇ ಕೂತು ಕಾಯುತ್ತಿದ್ದೆ.

"ಟೀವೀಲಿ ನ್ಯೂಸ್ ಓಡ್ತಿತ್ತು ಅಂತ ಬರ್ದಿದೀಯ. ಕ್ರಿಕೆಟ್ ಕಣೇ ಅದು" ಎಂದಳು. ಆಮೇಲೆ ಪತ್ರಿಕೆ ತೆಗೆದುಕೊಂಡು ಆಂಟಿಗೆ ತೋರಿಸಲು ಪಕ್ಕದ ಮನೆಗೆ ಹೋದಳು. ಬಹಳ ಹೊತ್ತು ಅಲ್ಲಿಂದ ಇಬ್ಬರ ಮಾತೂ ನಗುವೂ ಕೇಳಿಸುತ್ತಿತ್ತು.